ಬೆಲ್ಟಿಗೆ ಹಚ್ಚಿದ ರಾಳ

"ಯಾವ ಮಹಾನುಭಾವನಪ್ಪ ಈ ಬೆಲ್ಟಿಗೆ ರಾಳ ಮೆತ್ತಿದ್ದು?"

ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡು ಮೆಕ್ಯಾನಿಕ್ ವಿಮಲ್ ಹೀಗೆ ಗೊಣಗಿದ್ದು ಕನ್ನಡದಲ್ಲಿ. ಅಷ್ಟು ಹೊತ್ತೂ ನನ್ನ ಜೊತೆ ತಮಿಳಿನಲ್ಲಿ ಮಾತಾಡುತ್ತಿದ್ದವನು! ತಮಿಳುನಾಡಿನ ಪಲ್ಲಡಂನ ವರ್ಕ್‌ಶಾಪಿನಲ್ಲಿ ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯ.

"ಆ ಮಹಾನುಭಾವ ನಮ್ಮಪ್ಪ," ಎಂದೆ ನಾನು, ಕನ್ನಡದಲ್ಲೇ.

ಗಾಬರಿಯಲ್ಲಿ ತಲೆ ಎತ್ತಿದ. ಬಾನೆಟ್ ಠಣ್ ಎಂದಿತು. ನೆತ್ತಿ ಉಜ್ಜಿಕೊಳ್ಳುತ್ತಾ ಅವನು ನಾಚಿದ ಚೆಂದಕ್ಕೆ ನಾನು ಅಲ್ಲೇ ಸೋತೆ, ಸುಳ್ಳೇಕೆ ಹೇಳಲಿ?

ನಮ್ಮ ಮನೆಮಾತೂ ಕನ್ನಡವೇ. ನಮ್ಮಪ್ಪ ಚೆನ್ನಿಯಪ್ಪನ್ ಪವರ್‌ಲೂಮ್ ಶೆಡ್ ನಡೆಸುವವರು. ಮಗ್ಗದ ಬೆಲ್ಟ್ ಜಾರಿದರೆ ರಾಳ ಉಜ್ಜುವುದು ಅವರ ನಲವತ್ತು ವರ್ಷದ ಅಭ್ಯಾಸ. ಕಾರಿನ ಬೆಲ್ಟ್ ಕಿರ್ರೆಂದಾಗ ಅದಕ್ಕೂ ಉಜ್ಜಿಬಿಟ್ಟಿದ್ದರು.

"ಎರಡು ದಿನ ಸದ್ದಿರಲ್ಲ ಅಮ್ಮಣಿ. ಆಮೇಲೆ ಶೆಡ್ಡಿನ ಹತ್ತಿ ಧೂಳೆಲ್ಲ ಅಂಟ್ಕೊಂಡು ಇನ್ನೂ ಜೋರಾಗಿ ಕೂಗುತ್ತೆ," ಎಂದ ವಿಮಲ್. "ಈ ಇಂಜಿನ್ ಡಿಸೈನೇ ಹಂಗೆ. ನೀರಿನ ಪಂಪು, ಆಲ್ಟರ್ನೇಟರು, ಏಸಿ, ಎಲ್ಲಕ್ಕೂ ಒಂದೇ ಬೆಲ್ಟು. ಅದು ಹೋದ್ರೆ ಇಂಜಿನ್ ಕಾದು ಕೂತ್ಕೊಳ್ಳುತ್ತೆ. ಬದಲಾಯಿಸೋಕೆ ಚಕ್ರ ಬಿಚ್ಚಿ ಕೆಳಗಿಂದ ಕೈ ತೂರಿಸ್ಬೇಕು. ಕೈ ಸಲೀಸಾಗಿ ಹೋಗದ ಕಡೆ ಯಾರೂ ನೋಡಲ್ಲ. ಅಲ್ಲೇ ಮೊದಲು ಕೆಡುತ್ತೆ."

ಅವನ ಗ್ರೀಸ್ ಬೆರಳು ಗಾಳಿಯಲ್ಲಿ ಬೆಲ್ಟಿನ ದಾರಿ ಬರೆಯುತ್ತಿತ್ತು. ನಾನು ಬೆರಳನ್ನು ನೋಡಿದೆ, ಕಣ್ಣನ್ನು ನೋಡಿದೆ. ಅವನೂ ನೋಡಿದ, ಥಟ್ಟನೆ ಸ್ಪ್ಯಾನರ್ ಹುಡುಕತೊಡಗಿದ. ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು.

ಹೊಸ ಬೆಲ್ಟ್ ಹಾಕಿಸಿದ್ದಾಯಿತು. ಎರಡು ವಾರ ಕಾರು ತುಟಿ ಪಿಟಕ್ಕೆನ್ನಲಿಲ್ಲ. ಹಾಳು ಕಾರು! ಇನ್ನು ಅಲ್ಲಿಗೆ ಹೋಗಲು ನನಗೆ ನೆಪವೆಲ್ಲಿ?

ಅಪ್ಪ ರಾಳ ಬಿಟ್ಟರು, ನಾನು ಹಿಡಿದೆ. ಶೆಡ್ಡಿನ ಡಬ್ಬಿಯಿಂದ ಚಿಟಿಕೆಯಷ್ಟು ತಂದು, ಇಂಜಿನ್ ಆಫಾಗಿದ್ದಾಗ, ಮೇಲೆ ಕಾಣುವ ಬೆಲ್ಟಿಗೆ ಸವರಿದೆ. ಒಮ್ಮೆಯಲ್ಲ, ಮೂರು ಸಲ. ಮೂರು ಸಲವೂ ಕಾರು ಕೂಗಿತು, ಮೂರು ಸಲವೂ ವಿಮಲ್ ಚಕ್ರ ಬಿಚ್ಚಿ ಬೆಲ್ಟ್ ಒರೆಸಿದ, ಮೂರು ಸಲವೂ ನಾನು ವರ್ಕ್‌ಶಾಪಿನಲ್ಲಿ ಟೀ ಕುಡಿದೆ.

ನಾಲ್ಕನೇ ಸಲವೂ ಸವರಿದೆ, ಆದರೆ ಆ ಸಲ ಅಪ್ಪನೂ ಜೊತೆಗೆ ಬಂದರು.

ವಿಮಲ್ ಬೆಲ್ಟ್ ಮೂಸಿದ. "ಅಯ್ಯಾ, ಬೇಡ ಅಂದ್ರೂ ಮತ್ತೆ ರಾಳ ಹಾಕಿದ್ದೀರಲ್ಲ?"

"ನಾನು ಮುಟ್ಟಿಲ್ಲ ತಂಬಿ."

"ವಾಸನೆ ಸುಳ್ಳು ಹೇಳಲ್ಲ ಅಯ್ಯಾ."

"ಹಂಗಾದ್ರೆ ಸುಳ್ಳು ಹೇಳೋದು ನಾನಾ?" ಅಪ್ಪನ ಮುಖ ಕೆಂಪಾಯಿತು. "ಕೆಲಸ ಬರಲ್ಲ ಅಂದ್ರೆ ಒಪ್ಕೋ. ಇಂದುಜಾ, ಗಾಡಿ ತೆಗಿ. ಇನ್ನು ಈ ಕಡೆ ತಲೆ ಹಾಕಿ ಮಲಗ್ಬಾರದು."

ಕೀಲಿ ನನ್ನ ಕೈಯಲ್ಲಿತ್ತು. ವಿಮಲ್‌ನ ಬೆರಳ ಗೆಣ್ಣುಗಳು ಕಣ್ಣಿಗೆ ಬಿದ್ದವು. ಇಕ್ಕಟ್ಟಿನಲ್ಲಿ ಕೈ ತೂರಿಸಿ ತೂರಿಸಿ ಚರ್ಮ ಸುಲಿದಿದ್ದವು. ಅತ್ತ ನನ್ನಪ್ಪ, ಜನ್ಮದಲ್ಲಿ ಒಂದೂ ಸುಳ್ಳಾಡದವರು. ಸುಮ್ಮನೆ ಕಾರು ಹತ್ತಿದರೆ ಒಬ್ಬರು ಸುಳ್ಳರಾಗುತ್ತಿದ್ದರು, ಇನ್ನೊಬ್ಬ ಕೈಲಾಗದವನಾಗುತ್ತಿದ್ದ. ನನಗೋ ವಿಮಲ್ ತಪ್ಪಿಹೋಗುತ್ತಿದ್ದ.

"ರಾಳ ಹಾಕಿದ್ದು ನಾನು," ಎಂದೆ.

"ಯಾಕಮ್ಮ?"

"ಗಾಡಿ ಕೂಗದಿದ್ರೆ ಇಲ್ಲಿಗೆ ಹೆಂಗೆ ಬರ್ಲಿ ಅಪ್ಪ? ನನಗೆ ಇವರು ಇಷ್ಟ."

ಅಪ್ಪ ನನ್ನನ್ನು ನೋಡಿದರು, ಅವನನ್ನು ನೋಡಿದರು. ವಿಮಲ್‌ನ ಕಿವಿ ಕೆಂಪಾಗಿತ್ತು. ಆ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮೆಲ್ಲಗೆ ಹೇಳಿದ, "ಗಾಡಿ ಸುಮ್ನಿದ್ರೂ ಬನ್ನಿ, ಇಂದುಜಾ. ದಿನಾ ಬಾಗಿಲು ನೋಡ್ತಾನೇ ಇರ್ತೀನಿ."

ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದಿದ್ದ. ಖುಷಿಗೆ ನನ್ನ ಕಾಲಿಗೆ ನೆಲವೇ ಸಿಗಲಿಲ್ಲ.

ಭಾನುವಾರ ತನ್ನ ತಾಯಿ ಪಂಕಜಂ ಜೊತೆ ಹೂವು ಹಣ್ಣು ಹಿಡಿದುಕೊಂಡು ಅವನೇ ನಮ್ಮ ಮನೆಗೆ ಬಂದ. ಅಪ್ಪ "ಬನ್ನಿ, ಕೂತ್ಕೊಳ್ಳಿ" ಎನ್ನಲಿಲ್ಲ. ನೇರವಾಗಿ ಕಾರಿನ ಹತ್ತಿರ ಕರೆದೊಯ್ದು ಬಾನೆಟ್ ಎತ್ತಿದರು.

"ಮೊದಲು ರಾಳ ಇದ್ಯಾ ಅಂತ ಮೂಸಿ ನೋಡು ತಂಬಿ. ಆಮೇಲೆ ಹೆಣ್ಣು ಕೇಳೋ ಮಾತು."