ಪುರಭವನದ ಎರಡು ಬೀಗದ ಕೈಗಳು

"ಪುರಭವನಾನ ಸಾಯಂಕಾಲ ಕೆಡವ್ತಾರಂತೆ ಮೇಡಂ! ಏಳಿ, ಏಳಿ!" ಚಲಪತಿ ಬಾಗಿಲಲ್ಲೇ ನಿಂತು ಕೂಗಿದ. ಹೆಸರಿಗೆ ಅವನದೊಂದು ಫೋಟೋ ಸ್ಟುಡಿಯೋ. ನಿವೃತ್ತ ವಿಜ್ಞಾನ ಟೀಚರ್ ವರಲಕ್ಷ್ಮಿ ಯಾವ ಕೇಸು ಹಿಡಿದರೂ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲೆಯುವುದೇ ಅವನ ನಿಜವಾದ ಕಸುಬು.

ಶಿಡ್ಲಘಟ್ಟದ ಹಳೇ ಪುರಭವನಕ್ಕೆ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಬೆಂಕಿ ಬಿದ್ದಿತ್ತು. ಬೀಗದ ಕೈ ಇದ್ದದ್ದು ಇಬ್ಬರ ಬಳಿ, ಕಾವಲುಗಾರ ಮುಖ್ತಾರ್ ಮತ್ತು ಪುರಭವನ ಸಮಿತಿಯ ಕಾರ್ಯದರ್ಶಿ ವೆಂಕಟರವಣಪ್ಪ. ಮುಖ್ತಾರನ ಬೀಡಿಯಿಂದಲೇ ಆದದ್ದು ಎಂದು ಊರೆಲ್ಲ ತೀರ್ಮಾನಿಸಿಬಿಟ್ಟಿತ್ತು. ಒಳಗಿನ ಸಾಮಾನು ಎಳೆದು ಹಾಕಲು ಹೋಗಿ ಎರಡೂ ಕೈ ಸುಟ್ಟುಕೊಂಡವನ ಮೇಲೇ ಗೂಬೆ ಕೂರಿಸುವುದೇ! ಚಲಪತಿಗೆ ಮೈಯೆಲ್ಲ ಉರಿದುಹೋಯಿತು.

ಪುರಭವನದ ಗೇಟಿನಲ್ಲಿ ಜೆಸಿಬಿ ಗುರುಗುಟ್ಟುತ್ತಿತ್ತು. ಒಳಗೆ ಇಂಜಿನಿಯರ್ ಕನಕರಾಜ್ ಕೂಲಿಯವರಿಂದ ಹೆಂಚು, ತೊಲೆಗಳನ್ನು ಬಿಡಿಸಿ ತೆಗೆಸುತ್ತಿದ್ದರು. ವರಲಕ್ಷ್ಮಿ ಒಂದು ತೊಲೆಯನ್ನು ಚಾಕುವಿನಿಂದ ಕೆರೆದರು. ಕರಿ ಉದುರಿ ಒಳಗೆ ಗಟ್ಟಿ ತೇಗ ಕಂಡಿತು.

"ಇದನ್ನ ಯಾಕಪ್ಪ ಕೆಡವೋದು?"

"ಉಳಿಸ್ಕೋಬೋದು ಅಂತ ನಾನೂ ಹೇಳ್ದೆ ಮೇಡಂ. ಕಾರ್ಯದರ್ಶಿಗಳು ಇಲ್ಲಿ ಅಂಗಡಿ ಸಾಲು ಬೇಕು ಅಂತ ಪಟ್ಟು ಹಿಡಿದವ್ರೆ. ಬೆಂಕಿ ಬೀಳೋಕೆ ಮುಂಚಿಂದಾನೂ ಅದೇ ಮಾತು."

ಬೂದಿಯಡಿಯಲ್ಲಿ ತಂತಿ ಸುತ್ತಿದ, ಅರೆಬೆಂದ ಹಿಪ್ಪುನೇರಳೆ ಕಡ್ಡಿಗಳ ಕಟ್ಟೊಂದು ಸಿಕ್ಕಿತು. ಸಭೆ ನಡೆಯುವ ಜಾಗದಲ್ಲಿ ಸೌದೆಗೇನು ಕೆಲಸ?

ಮುಖ್ತಾರ್ ಬ್ಯಾಂಡೇಜು ಸುತ್ತಿದ ಕೈಗಳನ್ನು ಎದೆಗೊತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. "ಬೀಗ ಹಾಕಿದ್ದಂಗೇ ಇತ್ತಕ್ಕಾ. ನಾನೇ ತೆಗೆದು ಒಳಗೆ ನುಗ್ಗಿದೆ," ಎಂದ. ಅಯ್ಯೋ, ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಂಡನಲ್ಲ ಎಂದು ಚಲಪತಿ ಚಡಪಡಿಸಿದ.

ಸ್ಕೂಟರು ಕಾರ್ಯದರ್ಶಿಯ ಊರಾದ ದಿಬ್ಬೂರಹಳ್ಳಿಗೆ ಓಡಿತು. "ಬೆಂಕಿ ಬಿದ್ದಾಗ ಹುಳಕ್ಕೆ ಸೊಪ್ಪು ಹಾಕ್ತಿದ್ದೆ ಟೀಚರಮ್ಮ. ನಿನ್ನೆಯೆಲ್ಲ ಈ ಹುಳದ ಮನೆ ಬಿಟ್ಟು ಕದಲಿಲ್ಲ," ಎಂದರು ವೆಂಕಟರವಣಪ್ಪ.

ವರಲಕ್ಷ್ಮಿ ಒಳಗೆ ಇಣುಕಿದರು. ತಟ್ಟೆಗಳಲ್ಲಿ ರೇಷ್ಮೆಹುಳುಗಳು ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ಮೇಲೆಲ್ಲ ಸುಣ್ಣದ ಪುಡಿ ಉದುರಿಸಿತ್ತು.

"ಸುಣ್ಣ ಯಾವಾಗ ಹಾಕಿದ್ದಮ್ಮ?"

"ನಿನ್ನೆ ಮಧ್ಯಾಹ್ನಾನೇ," ಎಂದಳು ಒಳಗೆ ತಟ್ಟೆ ಜೋಡಿಸುತ್ತಿದ್ದ ಹೆಂಡತಿ ನಾರಾಯಣಮ್ಮ.

ವರಲಕ್ಷ್ಮಿ ಗಂಡಹೆಂಡಿರಿಬ್ಬರಿಗೂ ಪುರಭವನಕ್ಕೆ ಬರಲು ಹೇಳಿದರು.

ಇಳಿಹೊತ್ತಿಗೆ ಸೂರಿಲ್ಲದ ಸಭಾಂಗಣದಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರೂ ಬಂದಿದ್ದರು. ಜೆಸಿಬಿ ಡ್ರೈವರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಚಲಪತಿಗೆ ನಿಂತ ಕಡೆ ನಿಲ್ಲಲಾಗಲಿಲ್ಲ.

"ಬೀಗ ಮುರಿದಿಲ್ಲ. ಅಂದ್ಮೇಲೆ ಬೆಂಕಿ ಇಟ್ಟವರ ಹತ್ರ ಬೀಗದ ಕೈ ಇತ್ತು," ಎಂದರು ವರಲಕ್ಷ್ಮಿ. "ಮುಖ್ತಾರ್ ಬೆಂಕಿ ಇಟ್ಟಿದ್ರೆ ಬೀಗ ಯಾರೋ ತೆಗೆದಿದ್ರು ಅಂತಿದ್ದ. ತನಗೇ ಮುಳುವಾಗೋ ನಿಜ ಹೇಳಿದ. ಇನ್ನು ವೆಂಕಟರವಣಪ್ಪನವರು. ಹುಳಕ್ಕೆ ಸೊಪ್ಪು ಹಾಕ್ತಿದ್ರಂತೆ. ನಿನ್ನೆ ಮಧ್ಯಾಹ್ನವೇ ಆ ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಿತ್ತು. ಅದಕ್ಕೇ ಸುಣ್ಣ. ಜ್ವರಕ್ಕೆ ಕೂತ ಹುಳ ಪೊರೆ ಬಿಡೋ ತನಕ ಒಂದೆಲೆ ಮುಟ್ಟಲ್ಲ. ಹುಳದ ಮನೆಗೆ ಕಾಲಿಟ್ಟಿದ್ರೆ ಸ್ವಾಮಿ, ನೀವು ಬೇರೆ ಸುಳ್ಳು ಹೇಳ್ತಿದ್ರಿ."

"ಹೆಂಗಸರ ಕೆಲಸ ಅದು, ನಂಗೆ ನೆನಪಾಗ್ಲಿಲ್ಲ..." ವೆಂಕಟರವಣಪ್ಪ ತಡವರಿಸಿದರು.

ವರಲಕ್ಷ್ಮಿ ಸುಟ್ಟ ಕಡ್ಡಿಕಟ್ಟನ್ನು ಮುಂದಿಟ್ಟರು. ನಾರಾಯಣಮ್ಮ ಬಗ್ಗಿ ಅದರ ತಂತಿಯನ್ನು ಮುಟ್ಟಿ ನೋಡಿದಳು. "ನಮ್ಮ ತೋಟದ ಕಡ್ಡಿ. ತಂತಿ ಸುತ್ತಿ ಕಟ್ಟಿದ್ದು ನಾನೇ. ಸಮಿತಿ ಊಟಕ್ಕೆ ಸೌದೆ ಅಂತ ನಿನ್ನೆ ಸಂಜೆ ಇವ್ರೇ ಗಾಡಿಗೆ ಕಟ್ಕೊಂಡು ಹೋದ್ರು," ಎಂದವಳೇ ಗಂಡನ ಕಡೆ ತಿರುಗಿದಳು. "ಆ ಕೈ ನೋಡ್ರೀ! ನಿಮಗೆ ಅಂಗಡಿ ಬೇಕಿತ್ತು, ಅದಕ್ಕೆ ಆತನ ಕೈ ಸುಡಬೇಕಿತ್ತಾ?"

ವೆಂಕಟರವಣಪ್ಪ ಜೇಬಿನಿಂದ ಬೀಗದ ಕೈ ತೆಗೆದು ನೆಲದ ಮೇಲಿಟ್ಟರು. ಇನ್ಸ್‌ಪೆಕ್ಟರ್ ಸನ್ನೆ ಮಾಡಿದಾಗ ಜೆಸಿಬಿ ಸದ್ದು ನಿಂತಿತು.

ವರಲಕ್ಷ್ಮಿ ಆ ಬೀಗದ ಕೈಯನ್ನು ಮುಖ್ತಾರನತ್ತ ಚಾಚಿದರು.

"ಹಿಡಿಯಕ್ಕಾಗಲ್ಲಕ್ಕಾ," ಎಂದ ಅವನು, ಬ್ಯಾಂಡೇಜು ತೋರಿಸುತ್ತ.

"ಜೇಬಿಲ್ವೇನಪ್ಪ?" ಎಂದು ಅವರು ಅದನ್ನು ಅವನ ಅಂಗಿಯ ಜೇಬಿಗೇ ಇಳಿಬಿಟ್ಟರು. ಅಲ್ಲಿ ಮೊದಲೇ ಇದ್ದ ಇನ್ನೊಂದಕ್ಕೆ ತಗುಲಿ ಅದು ಸದ್ದು ಮಾಡಿತು. ಮುಖ್ತಾರ್ ಕಣ್ಣೊರೆಸಿಕೊಳ್ಳಲೂ ಆಗದೆ ನಿಂತಿದ್ದ. ಚಲಪತಿ ತನ್ನ ಕರವಸ್ತ್ರ ತೆಗೆದು ಅವನ ಮುಖ ಒರೆಸಿದ.