ಮೂರನೇ ಕಂಬದ ಮೇಲಿನ ಹೆಸರು

ಕಂಬದ ಮೇಲೆ ಯಾರೋ ಹೆಸರು ಕೆತ್ತಿದ್ದರು. ಅದೂ ಕನ್ನಡದಲ್ಲಿ — ತಲೆನೋವು ಶುರುವಾದದ್ದೇ ಅಲ್ಲಿಂದ.

ಪರದೇಶ. ಏಳುನೂರು ವರ್ಷ ಹಳೆಯ ಅರಮನೆ. ಊಟ ಮುಗಿಸಿ ಎರಡನೇ ಸಲ ಒಳಗೆ ಬಂದ ಹದಿನೆಂಟು ಮಂದಿ ಪ್ರವಾಸಿಗರು ಸಭಾಂಗಣದ ಮೂರನೇ ಕಂಬದ ಮುಂದೆ ಗಕ್ಕನೆ ನಿಂತರು. ಎದೆಯೆತ್ತರದಲ್ಲಿ ಹೊಸ ಗೀರುಗಳು. ನೆಲದ ಮೇಲೆ ಬಿಳಿ ಪುಡಿ.

“ಮೇಸ್ತ್ರಿ!” ಎಂದು ಜೋರಾಗಿ ಓದಿಬಿಟ್ಟಳು ನಾದಿನಿ.

ಓದಿದ್ದೇ ತಡ, ಎಲ್ಲರ ಕಣ್ಣೂ ಒಬ್ಬರ ಕಡೆ ತಿರುಗಿತು. ತಂಡದಲ್ಲಿ ಮೇಸ್ತ್ರಿ ಅಂತ ಇದ್ದದ್ದು ಒಬ್ಬರೇ — ಐವತ್ತು ವರ್ಷ ಬೇರೆಯವರಿಗೆ ಮನೆ ಕಟ್ಟಿಕೊಟ್ಟ ಮುದುಕರು. ಸ್ವಂತ ಹೆಸರು ಅವರಿಗೇ ಮರೆತುಹೋಗಿತ್ತೇನೋ, ಬ್ಯಾಗಿನ ಚೀಟಿಯ ಮೇಲೂ ಮೇಸ್ತ್ರಿ ಅಂತಲೇ ಹಾಕಿಸಿದ್ದರು. ನಾದಿನಿ ನಾಲಗೆ ಕಚ್ಚಿಕೊಂಡಳು. ಓದು ಅಂತ ಇವಳನ್ನು ಯಾರಾದರೂ ಕೇಳಿದ್ದರೇ?

ಅವಳು ಬಂದದ್ದು ಅತ್ತಿಗೆಯ ಜೊತೆ. ನೋಡಿದ್ದನ್ನೆಲ್ಲ ಡೈರಿಯಲ್ಲಿ ಗೀಚುವ ಹುಚ್ಚು ಇವಳದು. ಬರೆದದ್ದನ್ನೆಲ್ಲ ತಿದ್ದುವ ಹುಚ್ಚು ಅತ್ತಿಗೆಯದು. ಅಚ್ಚುಕೂಟದಲ್ಲಿ ನಲವತ್ತು ವರ್ಷ ಕರಡು ತಿದ್ದಿದ ಆಕೆಯನ್ನು ತಂಡದವರು ‘ಪ್ರೂಫ್ ಅಕ್ಕ’ ಎನ್ನುತ್ತಿದ್ದರು. ಹೊರಟ ದಿನವೇ ಆಕೆ ಬ್ಯಾಗಿನ ಚೀಟಿಗಳಲ್ಲಿ ತಪ್ಪು ಹಿಡಿದು ಟೂರ್ ಮ್ಯಾನೇಜರನ ಬೆವರಿಳಿಸಿದ್ದರು.

ಕಾಲು ಗಂಟೆಯಲ್ಲಿ ಮೇಸ್ತ್ರಿಯನ್ನು ಕಚೇರಿಯಲ್ಲಿ ಕೂರಿಸಿದರು. ಅವರ ಜೇಬಿನ ಸಾಮಾನೆಲ್ಲ ಮೇಜಿನ ಮೇಲೆ — ಕನ್ನಡಕ, ಮಾತ್ರೆ ಡಬ್ಬಿ, ದಾರ ಸುತ್ತಿದ ಒಂದು ಹಿತ್ತಾಳೆ ಗುಂಡು. ಗುಂಡಿನ ತುದಿ ಮೊನಚು.

“ಇದೇನು?” ಎಂದಳು ಅರಮನೆಯ ಮೇಲ್ವಿಚಾರಕಿ. ಅವಳ ಮಾತನ್ನು ಇವರಿಗೆ, ಇವರ ಮಾತನ್ನು ಅವಳಿಗೆ ದಾಟಿಸುವ ಕೆಲಸ ಟೂರ್ ಮ್ಯಾನೇಜರನದು.

“ತೂಗುಗುಂಡು. ಇಳಿಬಿಟ್ರೆ ಗೋಡೆ ನೆಟ್ಟಗಿದೆಯೋ ಇಲ್ವೋ ಗೊತ್ತಾಗುತ್ತೆ.”

“ಇಲ್ಲಿಗೆ ಯಾಕೆ ತಂದಿರಿ?”

“ಏಳುನೂರು ವರ್ಷ ಆದ್ಮೇಲೂ ನೆಟ್ಟಗಿದೆಯಾ ಅಂತ ನೋಡೋ ಆಸೆ. ಊಟ ಬೇಗ ಮುಗಿಸಿ ಹೊರಗಿನ ಗೋಡೆ ಹತ್ರ ಹೋಗಿದ್ದೆ.” ಮೇಸ್ತ್ರಿ ತಲೆ ತಗ್ಗಿಸಿದರು. “ನೆಟ್ಟಗಿದೆ.”

“ಒಬ್ಬರೇ?”

“ಒಬ್ಬನೇ.”

ಮೇಲ್ವಿಚಾರಕಿ ಬೆರಳು ಮಡಚಿದಳು. ಈ ಅಕ್ಷರ ಗೊತ್ತಿರುವುದು ಇಲ್ಲಿ ಈ ತಂಡದವರಿಗೆ ಮಾತ್ರ. ಹೆಸರು ಇವರದು. ಮೊನಚು ಗುಂಡು ಇವರ ಜೇಬಿನಲ್ಲಿ. ಊಟದ ಹೊತ್ತಿನಲ್ಲಿ ಇವರು ಒಬ್ಬರೇ ಇದ್ದರು. “ನಾಲ್ಕು ಗಂಟೆಗೆ ಪೊಲೀಸರು ಬರ್ತಾರೆ,” ಎಂದಳು.

ಮೇಸ್ತ್ರಿ, ನಾದಿನಿಯೊಂದಿಗೆ ಹಿಂದೆಯೇ ಬಂದಿದ್ದ ಅತ್ತಿಗೆಯ ಮುಖ ನೋಡಿದರು. “ಅಕ್ಕಾ, ಜೈಲಿಗೆ ಹಾಕ್ಲಿ, ಹೆದರಲ್ಲ. ಕಲ್ಲು ಕೆಡಿಸಿದವನು ಅನ್ನಿಸ್ಕೊಂಡು ಊರಿಗೆ ಹೇಗೆ ಹೋಗ್ಲಿ?”

ನಾದಿನಿಗೆ ಅಳುವೇ ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ!

ಗೋಡೆ ಗಡಿಯಾರ ಮೂರು ತೋರಿಸುತ್ತಿತ್ತು. “ಅಳೋದು ಆಮೇಲೆ,” ಎಂದರು ಅತ್ತಿಗೆ. “ನಿನ್ನ ಡೈರಿ ತೆಗಿ. ಬೆಳಗ್ಗೆ ಇಲ್ಲಿ ಏನು ಬರೆದೆ, ಓದು.”

“ಅದ್ರಲ್ಲಿ ಬರೀ ನನ್ನ ಹರಟೆ ಅತ್ತಿಗೆ.”

“ಹರಟೇನೇ ಬೇಕು.”

ನಾದಿನಿ ಓದಿದಳು: “‘ಹನ್ನೆರಡು ಕಂಬ. ಒಂದೊಂದರ ಎದೆಯ ಮೇಲೂ ಒಂದೊಂದು ಕಲ್ಲಿನ ಹೂವು, ಒಂದರಂತೆ ಇನ್ನೊಂದಿಲ್ಲ. ಮೇಲಿನ ಕಿಟಕಿಗಳಿಂದ ಬಿಸಿಲು ಇಳಿದು ನೆಲದ ತುಂಬ ಜಾಲರಿ. ಮೂರನೇ ಕಂಬಕ್ಕೆ ಬಟ್ಟೆ ಸುತ್ತಿಬಿಟ್ಟಿದ್ದಾರೆ, ಅದರ ಹೂವು ನೋಡಲಾಗಲಿಲ್ಲ, ಬೇಜಾರು. ಮೇಸ್ತ್ರಿ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಡೆದರು. ಮುಟ್ಟಬೇಡಿ ಎಂಬ ಬೋರ್ಡಿಗೆ ಇಷ್ಟು ಹೆದರಿದವರನ್ನು ನಾನು ಕಂಡಿಲ್ಲ.’”

“ಬಟ್ಟೆ ಯಾಕೆ ಸುತ್ತಿತ್ತು?” ಅತ್ತಿಗೆ ಕೇಳಿದರು.

ಬಾಗಿಲ ಬಳಿ ಅರಮನೆಯ ದುರಸ್ತಿಗಾರ ನಿಂತಿದ್ದ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. “ಕಂಬ ತೊಳೆಯೋದಿತ್ತು. ನೀವೆಲ್ಲ ಊಟಕ್ಕೆ ಹೋದಾಗ ಬಟ್ಟೆ ತೆಗೆದೆ. ಆಗ ಕಂಬ ಚೆನ್ನಾಗೇ ಇತ್ತು.”

“ನಮ್ಮ ಬ್ಯಾಗುಗಳು ಎಲ್ಲಿದ್ವು?”

“ಒಳಗೆ ತರೋ ಹಾಗಿಲ್ಲವಲ್ಲ. ನನ್ನ ಸಲಕರಣೆ ಕೋಣೆಯಲ್ಲಿಟ್ಟು ಬೀಗ ಹಾಕಿದ್ದೆ.”

“ಬೀಗದ ಕೈ ಎಷ್ಟಿವೆ?”

“ಒಂದೇ. ನನ್ನ ಹತ್ರ.” ಅವನ ಕೈ ಗೊಂಚಲಿನ ಮೇಲೆ ಹೋಯಿತು. “ಏನಾದರೂ ಕಳೆದಿದೆಯೇ?”

“ಇಲ್ಲಪ್ಪ. ಎಲ್ಲ ಇದೆ.” ಅತ್ತಿಗೆ ಎದ್ದರು. “ಮ್ಯಾನೇಜರೇ, ಕೋಣೆ ತೆಗೆಸಿ ಮೇಸ್ತ್ರಿ ಬ್ಯಾಗ್ ತಗೊಂಡು ಕಂಬದ ಹತ್ರ ಬನ್ನಿ. ಎಲ್ಲರೂ ಬನ್ನಿ.”

ಸಭಾಂಗಣದಲ್ಲಿ ಬಿಸಿಲು ಗೋಡೆ ಹತ್ತಿತ್ತು. ಅತ್ತಿಗೆ ಮೊದಲು ಒಂದು ಕಾಗದ ಕೊಟ್ಟು ಮೇಸ್ತ್ರಿಯಿಂದ ಹೆಸರು ಬರೆಸಿದರು. ಆಮೇಲೆ ನಾದಿನಿಯನ್ನು ಕಂಬದ ಮುಂದೆ ನಿಲ್ಲಿಸಿದರು.

“ಓದು.”

“ಮೇಸ್ತ್ರಿ.”

“ಓದಬೇಡ ಕಣೇ! ನೋಡು. ಒಂದೊಂದೇ ಅಕ್ಷರ.”

ನಾದಿನಿ ನೋಡಿದಳು. ಮೇ. ಪಕ್ಕದಲ್ಲಿ ಸ್. ಅದರ ಪಕ್ಕದಲ್ಲಿ ತ್. ಅದರಾಚೆ ರಿ. “ಅಯ್ಯೋ! ಒತ್ತೇ ಇಲ್ವಲ್ಲ ಅತ್ತಿಗೆ!”

“ಇಲ್ಲ. ಸ ಕೆಳಗೆ ಇಳೀಬೇಕಾದ ತ, ರ ಎರಡೂ ಬಸ್ಸಿಗೆ ಕ್ಯೂ ನಿಂತ ಹಾಗೆ ಸಾಲಾಗಿ ನಿಂತಿವೆ. ನೀನು ಓದಿದ್ದು ಇಲ್ಲಿ ಇರಲೇ ಇಲ್ಲ. ಭಾಷೆ ಬಲ್ಲವರ ಕಣ್ಣು ತಪ್ಪನ್ನ ತಾನೇ ತಿದ್ದಿಕೊಂಡು ಓದುತ್ತೆ. ಹಾಗೆ ಓದದೇ ಇರೋದಕ್ಕೇ ನನಗೆ ನಲವತ್ತು ವರ್ಷ ಸಂಬಳ ಕೊಟ್ಟರು.” ಮೇಸ್ತ್ರಿ ಬರೆದ ಕಾಗದ ಎತ್ತಿ ಹಿಡಿದರು. ಎರಡು ಒತ್ತೂ ಕೆಳಗೆ, ತಮ್ಮ ಜಾಗದಲ್ಲಿ. “ಕನ್ನಡ ಬರೆಯೋ ಕೈ ಒತ್ತು ಬಿಟ್ಟೀತು, ಬೇರೆ ಒತ್ತು ಹಾಕೀತು. ಬಿಡಿಸಿ ಸಾಲಾಗಿ ನಿಲ್ಲಿಸಲ್ಲ. ಅದು ಕಂಪ್ಯೂಟರ್ ಮಾಡೋ ತಪ್ಪು.”

“ಅನುಮಾನ ಬರಬಾರದು ಅಂತ ಬೇಕಂತಲೇ ಹೀಗೆ ಬರೆದಿರಬಹುದಲ್ಲ?” ಎಂದಳು ಮೇಲ್ವಿಚಾರಕಿ.

“ಅನುಮಾನ ಬರಬಾರದು ಅನ್ನೋರು ಸ್ವಂತ ಹೆಸರು ಕೆತ್ತುತ್ತಾರೇನಮ್ಮ?”

ಅತ್ತಿಗೆ ಬ್ಯಾಗಿನ ಚೀಟಿಯನ್ನು ಗೀರುಗಳ ಪಕ್ಕ ಹಿಡಿದರು. ಮೇ, ಸ್, ತ್, ರಿ. ಅದೇ ಸಾಲು, ಅದೇ ಅಚ್ಚು.

“ಉಳಿದ ಹದಿನೇಳು ಚೀಟಿ ಕೆಂಪು ಪೆನ್ನಲ್ಲಿ ತಿದ್ದಿದ್ದೆ. ಇವರೊಬ್ಬರು, ಇರ್ಲಿ ಬಿಡಕ್ಕಾ, ಬ್ಯಾಗ್ ಗುರುತು ಸಿಕ್ಕರೆ ಸಾಕು ಅಂತ ಕೊಡಲಿಲ್ಲ. ಕೆತ್ತಿದವನಿಗೆ ನಮ್ಮ ಅಕ್ಷರ ಬರೀ ಚಿತ್ರ. ಕಂಡ ಹಾಗೇ ಇಳಿಸಿದ. ಊಟದ ಹೊತ್ತಲ್ಲಿ ಈ ಚೀಟಿ ಇದ್ದದ್ದು ಬೀಗ ಹಾಕಿದ ಕೋಣೆಯಲ್ಲಿ. ಬೀಗದ ಕೈ ಒಂದೇ.”

ಗೊಂಚಲು ಒಮ್ಮೆ ಸದ್ದು ಮಾಡಿತು.

“ಯಾಕೆ ಮಾಡಿದ ಅಂತೀರಾ? ಹನ್ನೊಂದು ಕಂಬಕ್ಕೂ ಈ ಎತ್ತರದಲ್ಲಿ ಹೂವಿದೆ. ಇದರ ಹೂವೆಲ್ಲಿ? ಈ ‘ರಿ’ ಒಳಗೆ ಬೆರಳಿಡಿ, ಗೀರಲ್ಲ, ಗುಂಡಿ. ಹೂವು ಒಡೆದದ್ದು ಬೆಳಗ್ಗೇನೇ, ಅದಕ್ಕೇ ಬಟ್ಟೆ. ಒಡೆದ ಜಾಗ ಮುಚ್ಚೋಕೆ ಒಬ್ಬ ಪ್ರವಾಸಿಯ ಹೆಸರು ಬೇಕಾಗಿತ್ತು. ಅಲ್ವೇನಪ್ಪ ದುರಸ್ತಿಗಾರ?”

ಅವನು ಗೋಡೆಗೆ ಒರಗಿದ. “ಏಣಿ ಜಾರಿತು,” ಎಂದ. “ಮೂವತ್ತು ವರ್ಷದಲ್ಲಿ ಇದೇ ಮೊದಲು. ಕೆಲಸ ಹೋಗುತ್ತೆ ಅಂತ ಹೆದರಿದೆ.” ಕೋಟಿನ ಜೇಬಿನಿಂದ ಕಲ್ಲಿನ ಹೂವಿನ ಮೂರು ಎಸಳು ತೆಗೆದು ಕಂಬದ ಬುಡದಲ್ಲಿಟ್ಟ.

ಮೇಸ್ತ್ರಿ ಆ ಎಸಳುಗಳನ್ನು ಬಗ್ಗಿ ನೋಡಿದರು. “ಏಣಿ ಎಲ್ಲರದ್ದೂ ಜಾರುತ್ತೆ ಮಾರಾಯ. ನನ್ನದೂ ಜಾರಿದೆ. ಅದನ್ನ ಕಲ್ಲು ತಡ್ಕೊಳ್ಳುತ್ತೆ. ಅದರ ಮೇಲೆ ಕೆತ್ತಿದೆಯಲ್ಲ, ಅದಕ್ಕೇನು ಹೇಳ್ಲಿ?”

ಇದನ್ನು ದಾಟಿಸಲು ಮ್ಯಾನೇಜರನಿಗೆ ಬಾಯಿ ಬರಲಿಲ್ಲ.

ಮೇಲ್ವಿಚಾರಕಿ ಕ್ಷಮೆ ಕೇಳಿದಳು. ಬೇಕಿದ್ದರೆ ಯಾವ ಕಂಬವನ್ನಾದರೂ ಮುಟ್ಟಿ ನೋಡಬಹುದು, ಇವತ್ತೊಂದು ದಿನ, ಎಂದಳು. ಮೇಸ್ತ್ರಿ ಮತ್ತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. “ಬೇಡಮ್ಮ. ಬೋರ್ಡ್ ಇದೆಯಲ್ಲ.”

ನಾಲ್ಕು ಗಂಟೆಗೆ ಪೊಲೀಸರು ಬಂದರು. ಕಂಬದ, ಚೀಟಿಯ ಫೋಟೋ ತೆಗೆದುಕೊಂಡು ದುರಸ್ತಿಗಾರನನ್ನು ಕರೆದುಕೊಂಡು ಹೋದರು. ಬಸ್ಸಿನಲ್ಲಿ ನಾದಿನಿ ಮೇಸ್ತ್ರಿಯ ಮುಖ ನೋಡಲಾರದೆ ಡೈರಿ ತೆರೆದು ಕೂತಿದ್ದಳು. ಹಿಂದಿನ ಸೀಟಿನಿಂದ ಒಂದು ಒರಟು ಕೈ ಮುಂದೆ ಬಂತು. ಕೈಯಲ್ಲಿ ಬ್ಯಾಗಿನ ಚೀಟಿ.

“ಅಕ್ಕಾ,” ಎಂದರು ಮೇಸ್ತ್ರಿ, “ಈಗ ತಿದ್ದಿಬಿಡಿ.”

ಪಕ್ಕದಲ್ಲಿದ್ದ ಅತ್ತಿಗೆ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಏನನ್ನಿಸಿತೋ, ಪೆನ್ನನ್ನು ನಾದಿನಿಯ ಕೈಗೆ ಕೊಟ್ಟರು. “ನೀನು ಬರಿ. ನೋಡಿಕೊಂಡು ಬರಿ.”