ಹುಳು ಹಣ್ಣಾದ ಮೇಲೆ ವೈಜಾಗ್

ಭಾನುಪ್ರಿಯಾ ಮೊದಲ ಸಲ ನನ್ನ ಅಂಗಡಿಗೆ ಬಂದವಳು ಕೌಂಟರ್ ಹತ್ತಿರ ನಿಂತು, ಮೂಗು ಅರಳಿಸಿ, ಮೂರು ಹೆಜ್ಜೆ ಹಿಂದಕ್ಕೆ ಸರಿದುಬಿಟ್ಟಳು. ನನಗೆ ಮೈ ಉರಿದುಹೋಯ್ತು.

"ಯಾಕ್ರೀ ಮೇಡಂ, ನಾವೇನು ಕೊಳೆತು ನಾರ್ತಾ ಇದೀವಾ?"

"ನೀವಲ್ಲ ರೀ, ನಿಮ್ಮ ಶರ್ಟು. ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದು ಬಂದಿದೀರಾ ತಾನೇ? ನಮ್ಮನೇಲಿ ರೇಷ್ಮೆಹುಳು ಇದೆ. ಆ ಔಷಧಿ ನನ್ನ ಸೀರೆಗೆ ಸ್ವಲ್ಪ ಅಂಟಿದ್ರೂ ಸಾಕು, ನಮ್ಮ ಹುಳು ಗೋವಿಂದ."

ಸಿಟ್ಟು ಇಳಿಯೋ ಮೊದಲೇ ಅವಳು ನಕ್ಕಳು. ಎಡಗಡೆ ಹಲ್ಲಿನ ಮೇಲೆ ಇನ್ನೊಂದು ಪುಟ್ಟ ಹಲ್ಲು. ಅಷ್ಟೇ ನೋಡಿದ್ದು ಸ್ವಾಮಿ, ನನ್ನ ಕಥೆ ಮುಗೀತು.

ನಾನು ನಂದಿಯ ಚಲಪತಿ. ಬೆಳಿಗ್ಗೆ ದ್ರಾಕ್ಷಿ ತೋಟ, ಹತ್ತು ಗಂಟೆ ಮೇಲೆ ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡ್ ಪಕ್ಕ ಜೆರಾಕ್ಸ್, ಆನ್‌ಲೈನ್ ಅರ್ಜಿ, ರೈಲು ಟಿಕೆಟ್. ಅವಳು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು, ನಮ್ಮೂರ ಕಡೆ ಪ್ರೈವೇಟ್ ಸ್ಕೂಲಲ್ಲಿ ಟೀಚರ್. ಸಂಜೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಬೇಕು. ಆ ಅರ್ಧ ಗಂಟೆ ನನ್ನದಾಯ್ತು.

ಅವಳಿಗೆ ಸಮುದ್ರ ನೋಡಬೇಕಿತ್ತು. ಬರೀ ಅಲೆ ಸಾಲದು, ಹಡಗು ಬಂದರಿಗೆ ಬಂದು ನಿಲ್ಲೋದನ್ನ ನೋಡಬೇಕು. ವೈಜಾಗ್‌ಗೇ ಹೋಗಬೇಕು. ಜೊತೆಗೆ ಸ್ಕೂಲಿನ ಗೆಳತಿ ರೂಪ ಬರ್ತಾಳೆ. ಕಮ್ಮಿ ಖರ್ಚಲ್ಲಿ ಆಗಬೇಕು, ಬೆನ್ನಿಗೆ ಒಂದು ಬ್ಯಾಗು, ಅಷ್ಟೇ.

"ವೈಜಾಗೇ ಯಾಕೆ? ಮಂಗಳೂರು ಹತ್ತಿರ ಅಲ್ವಾ?"

"ಅಲ್ಲಾದ್ರೆ ತುಳು ಬರಲ್ಲ. ವೈಜಾಗಲ್ಲಾದ್ರೆ ನಮ್ಮಜ್ಜಿ ಕಲಿಸಿದ ತೆಲುಗಲ್ಲೇ ನಾನು ಜಗಳ ಆಡಬಹುದು."

ಎಂಟು ತಿಂಗಳು ಪ್ಲಾನ್ ಮಾಡಿದ್ವಿ. ಸ್ಲೀಪರ್‌ನಲ್ಲಿ ಯಾವ ಬರ್ತು, ಹೆಣ್ಣುಮಕ್ಕಳಿಗೆ ಯಾವ ಡಾರ್ಮೆಟರಿ ಸೇಫು, ಬೀಚಿಗೆ ಸಿಟಿ ಬಸ್ಸು ಎಷ್ಟು ಹೊತ್ತಿಗೆ, ಮೊದಲ ದಿನಕ್ಕೆ ಪುಳಿಯೋಗರೆ ಕಟ್ಟಿಕೊಂಡು ಹೋದ್ರೆ ಕೆಡುತ್ತಾ ಇಲ್ವಾ. ನಾನು ಪ್ರಿಂಟ್ ತೆಗೆಯೋದು, ಅವಳು ಕೆಂಪು ಪೆನ್ನಲ್ಲಿ ತಿದ್ದೋದು. ಔಷಧಿ ಹೊಡೆದ ದಿನ ನಾನು ಒಳಗೆ, ಅವಳು ರಸ್ತೆಯಲ್ಲಿ. ಅಲ್ಲಿಂದಲೇ ಹುಬ್ಬು ಹಾರಿಸಿ, "ಇವತ್ತು ಸ್ನಾನ ಇಲ್ವಾ ನಂದಿಯವ್ರೇ?" ಅಂತ ಕೂಗೋಳು. ಪಕ್ಕದ ಟೀ ಅಂಗಡಿಯೋರೆಲ್ಲ ನನ್ನ ಮುಖ ನೋಡೋರು. ಆ ಅವಮಾನಕ್ಕೆ ನಾನು ದಿನಾ ಕಾಯ್ತಿದ್ದೆ.

ಎರಡು ಟಿಕೆಟ್ ಬುಕ್ ಮಾಡಿದೆ, ಶುಕ್ರವಾರ ಸಂಜೆ ಬೆಂಗಳೂರಿಂದ. ಎರಡರಲ್ಲೂ ನನ್ನ ಹೆಸರಿಲ್ಲ. ನಾನೂ ಸಮುದ್ರ ನೋಡಿಲ್ಲ ಅಂತ ಹೇಳೋಕೆ ಎಂಟು ತಿಂಗಳಲ್ಲಿ ಒಂದು ದಿನವೂ ಬಾಯಿ ಬರಲಿಲ್ಲ.

ಆಮೇಲೆ ಒಂದು ವಾರ ಅವಳು ಬರಲೇ ಇಲ್ಲ. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಹೊತ್ತು ಹೊತ್ತಿಗೆ ಸೊಪ್ಪು ತಿನ್ನೋ ಕಾಲ, ಮನೆಯವರೆಲ್ಲ ಅಲ್ಲೇ ಇರಬೇಕು, ರಜ ಹಾಕಿದಾಳೆ ಅಂತ ರೂಪ ಹೇಳಿದಳು. ಹೇಳಿ ಸುಮ್ಮನಾಗಬಾರದಿತ್ತಾ?

"ಗೌರಿಬಿದನೂರಿಂದ ಗಂಡು ಬಂದಿದೆ. ಅವರಪ್ಪ ಒಪ್ಕೊಂಡಾಗಿದೆ. 'ಸಮುದ್ರ ನೋಡ್ಕೊಂಡು ಬಂದು ಉತ್ತರ ಹೇಳ್ತೀನಿ' ಅಂದಿದಾಳಂತೆ ಭಾನು. 'ಹುಳು ಹಣ್ಣಾಗಿ ಗೂಡು ಕಟ್ಟೋಕೆ ಚಂದ್ರಿಕೆಗೆ ಹತ್ತಿದ ದಿನ ಹೊರಡು, ಬಂದವಳು ಹೂಂ ಅನ್ನಬೇಕು' ಅಂದ್ರಂತೆ ಅವರಪ್ಪ."

ಜೆರಾಕ್ಸ್ ಮೆಷಿನ್ ಓಡ್ತಾನೇ ಇತ್ತು. ಯಾರದೋ ಆಧಾರ್ ಕಾರ್ಡು ಇಪ್ಪತ್ತು ಕಾಪಿ ಬಿದ್ದಿತ್ತು. ಅಯ್ಯೋ ಚಲಪತಿ, ನಿನ್ನ ಕೈಯಾರೆ ಅವಳ ಮದುವೆಗೆ ದಾರಿ ಮಾಡಿಕೊಟ್ಯಲ್ಲೋ ಅಂತ ಹಣೆ ಹಣೆ ಚಚ್ಚಿಕೊಂಡೆ.

ಅವಳಿಗೆ ಅಂತ ಒಂದು ಬ್ಯಾಗು ತಂದಿಟ್ಟಿದ್ದೆ. ನೀಲಿ ಬಣ್ಣ, ಬೆನ್ನಿಗೆ ಹಾಕೋದು. ಅಮ್ಮನ ಕಣ್ಣಿಗೆ ಬೀಳಬಾರದು ಅಂತ ತೋಟದ ಪಂಪ್‌ಹೌಸಲ್ಲಿ ಬಚ್ಚಿಟ್ಟಿದ್ದೆ. ಔಷಧಿ ಡಬ್ಬಗಳೂ ಅಲ್ಲೇ. ಎರಡು ದಿನ ಬಿಸಿಲಿಗೆ ಹಾಕಿದ ಮೇಲೆ ವಾಸನೆ ಹೋಯ್ತು. ವಾಸನೆ ಹೋದ್ರೆ ವಿಷನೂ ಹೋಯ್ತು ಅಂದುಕೊಂಡೆ. ಮೂರು ಸಲ ಸ್ನಾನ ಮಾಡಿ, ಗುರುವಾರ ಸಂಜೆ ಅದನ್ನ ತಗೊಂಡು ಅವಳ ಊರಿಗೆ ಹೋದೆ.

ಫೋನ್ ಮಾಡಿದ್ದಕ್ಕೆ ಹಿತ್ತಲಿಗೆ ಬಂದಳು. ಕೂದಲಲ್ಲಿ ಹಿಪ್ಪುನೇರಳೆ ಎಲೆ ಚೂರು, ಕಣ್ಣಲ್ಲಿ ನಿದ್ದೆ.

"ಸ್ನಾನ?"

"ಮೂರು ಸಲ."

"ಶರ್ಟು?"

"ಒಗೆದಿದ್ದು."

"ಬ್ಯಾಗು?"

ಪಂಪ್‌ಹೌಸ್ ಅಂದ್ರೆ ಅಲ್ಲೇ ವಾಪಸ್ ಕೊಡ್ತಾಳೆ. ಅವಳಿಗೆ ಅಂತ ನಾನು ತಂದ ಒಂದೇ ಒಂದು ವಸ್ತು. "ಅಂಗಡಿಯಿಂದ ನೇರ ತಂದಿದ್ದು," ಅಂದುಬಿಟ್ಟೆ.

ಅವಳು ಬ್ಯಾಗನ್ನ ಎದೆಗೆ ಅವುಚಿಕೊಂಡಳು. "ಚಳಿಗೆ ಹುಳು ತಡ ಮಾಡ್ತಿದೆ. ನಾಳೆ ಬೆಳಿಗ್ಗೆ ಹಣ್ಣಾದ್ರೆ ಸಾಕು, ನಾಲ್ಕು ಗಂಟೆ ಬಸ್ಸು ಹಿಡೀತೀನಿ," ಅಂದಳು. ಇನ್ನೇನೋ ಕೇಳೋ ಹಾಗೆ ನನ್ನನ್ನೇ ನೋಡಿದಳು. ನಾನು ದಡ್ಡ, "ಹ್ಯಾಪಿ ಜರ್ನಿ" ಅಂದೆ.

ಬೆಳಿಗ್ಗೆ ಫೋನು. ಅಳ್ತಾ ಇದ್ದಳು.

"ನಿಜ ಹೇಳಿ ಚಲಪತಿಯವ್ರೇ. ಬ್ಯಾಗ್ ಎಲ್ಲಿಟ್ಟಿದ್ರಿ? ಅಮ್ಮ ನೋಡಬಾರದು ಅಂತ ಸೊಪ್ಪಿನ ರಾಶಿಯೊಳಗೆ ಬಚ್ಚಿಟ್ಟಿದ್ದೆ. ಆ ಸೊಪ್ಪು ತಿಂದ ಹುಳುವೆಲ್ಲ ತಲೆ ಒದರ್ತಾ ಹಸಿರು ಕಾರಿಕೊಂಡು ಸಾಯ್ತಿದಾವೆ."

"ಪಂಪ್‌ಹೌಸಲ್ಲಿ," ಅಂದೆ.

"ನಾನು ಕೇಳಿದ್ನಲ್ರೀ," ಅಂದಳು. ಫೋನ್ ಇಟ್ಟಳು.

ನನ್ನ ಬೈಕಿಗೂ ಔಷಧಿ ಅಂಟಿರುತ್ತೆ ಅಂತ ಬೈಕ್ ಮುಟ್ಟಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹೊಸ ಪಂಚೆ, ಶರ್ಟು, ಚಪ್ಪಲಿ ಕೊಂಡು, ಗೆಳೆಯನ ರೂಮಲ್ಲಿ ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜಿ, "ಮದುವೆಗೇನಪ್ಪಾ?" ಅಂತ ಕೇಳಿತು. ಅಳು ಬಂತು.

ಭಾನು ಮನೆ ಹಿತ್ತಲಲ್ಲಿ ಅವರಪ್ಪ ಆವಲಪ್ಪನವರು ಸತ್ತ ಹುಳು ಗುಂಡಿಗೆ ಸುರಿದು ಸುಣ್ಣ ಹಾಕ್ತಿದ್ರು. ಪಕ್ಕದಲ್ಲಿ ತಲೆ ತಗ್ಗಿಸಿ ಭಾನು.

"ಯಾರು ತಂದಿದ್ದೇ ಆ ಬ್ಯಾಗು?"

"ನಾನೇ ಅಪ್ಪ. ಸಂತೇಲಿ ತಗೊಂಡೆ."

"ಇನ್ನು ಸಮುದ್ರನೂ ಇಲ್ಲ, ಗಿಮುದ್ರನೂ ಇಲ್ಲ. ಗೌರಿಬಿದನೂರಿನವರಿಗೆ ಇವತ್ತೇ ಫೋನ್ ಮಾಡ್ತೀನಿ."

ಅವರಿಬ್ಬರೂ ನನ್ನನ್ನ ಇನ್ನೂ ನೋಡಿರಲಿಲ್ಲ. ಸುಮ್ಮನೆ ತಿರುಗಿ ಹೋಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಅವಳು ಹೇಳ್ತಿರಲಿಲ್ಲ. ಅದೇ ತಡೆಯೋಕಾಗಲಿಲ್ಲ.

"ಬ್ಯಾಗು ನಂದು ಸಾರ್."

"ಏಮಯ್ಯಾ, ಎವರು ನುವ್ವು? ಯಾವೂರು?"

"ನಂದಿ, ಚಲಪತಿ ಅಂತ. ದ್ರಾಕ್ಷಿ ತೋಟ ಇದೆ. ಔಷಧಿ ಇಡೋ ಪಂಪ್‌ಹೌಸಲ್ಲಿದ್ದ ಬ್ಯಾಗು ತಂದುಕೊಟ್ಟೆ. ಅವರು ಕೇಳಿದ್ರು, ನಾನು ಸುಳ್ಳು ಹೇಳಿದೆ."

"ಗೊತ್ತಿದ್ದೂ ಹೇಳಿದ್ಯಾ? ಯಾಕೆ?"

"ವಾಪಸ್ ಕೊಟ್ಬಿಡ್ತಾರೆ ಅಂತ. ಬೇರೇನೂ ಕೊಡೋಕೆ ನಂಗೆ ಧೈರ್ಯ ಇರಲಿಲ್ಲ. ನಿಮ್ಮ ಮಗಳು ಅಂದ್ರೆ ನಂಗೆ ಪ್ರಾಣ ಸಾರ್."

ಆವಲಪ್ಪನವರ ಕೈಯಲ್ಲಿ ಸನಿಕೆ ಇತ್ತು. ಬೀಸ್ತಾರೆ ಅಂತಲೇ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಒಳಗಿಂದ ಭಾನು ತಾಯಿ ಶ್ಯಾಮಲಮ್ಮ ಕೂಗಿದ್ರು: "ಏನೂಂದ್ರೆ, ಬನ್ನಿ! ಉಳಿದ ಹುಳು ಹಣ್ಣಾಗ್ತಿದೆ!"

ಹಣ್ಣಾದ ಹುಳು ಯಾರ ಸಿಟ್ಟಿಗೂ ಕಾಯಲ್ಲ. ಹೊತ್ತು ಮೀರಿದ್ರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳಾಗುತ್ತೆ. ಅವತ್ತು ಊರಲ್ಲೆಲ್ಲ ಇದೇ ಕೆಲಸ, ಕೂಲಿಗೆ ಒಬ್ಬರೂ ಸಿಕ್ಕಲ್ಲ. ಆವಲಪ್ಪನವರು ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು.

"ಬಟ್ಟೆ?"

"ಹೊಸದು ಸಾರ್. ಬಸ್ಸಲ್ಲಿ ಬಂದೆ, ಬೈಕ್ ಮುಟ್ಟಿಲ್ಲ."

"ಕೈ ಕಾಲು ತೊಳ್ಕೊಂಡು ಒಳಗೆ ಬಾ."

ಹುಳು ಮನೆಯಲ್ಲಿ ಎಲ್ಲರಿಗೂ ಒಂದೇ ಕೆಲಸ. ಹೊಳೆಯೋ ಹುಳು ಆರಿಸಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡೋದು. ನನ್ನ ಎದುರಿಗೇ ಭಾನು, ಮಧ್ಯೆ ಹುಳು ಮೇಯಿಸೋ ಒಂದು ಅಟ್ಟಣೆ. ಮುಖ ಎತ್ತಿ ನೋಡಲೂ ಇಲ್ಲ. ಪಕ್ಕದ ಎರಡು ಅಟ್ಟಣೆ ಖಾಲಿ, ಸತ್ತ ಹುಳು ಇದ್ದದ್ದು ಅಲ್ಲೇ.

ನಾಲ್ಕು ಗಂಟೆ ಬಸ್ಸು ಹಾರ್ನ್ ಹೊಡೆದು ಹೋಯ್ತು.

"ನಿಮ್ಮ ಸಮುದ್ರ ನಾನೇ ಹಾಳು ಮಾಡಿದೆ," ಅಂದೆ.

ಆಗ ನೋಡಿದಳು. ಕಣ್ಣು ಕೆಂಪಗಿತ್ತು.

"ಎರಡು ಅಟ್ಟಣೆ ಹುಳು ಹಾಳು ಮಾಡಿದ್ದಕ್ಕೆ ನಿನ್ನ ನಾನು ಅಷ್ಟು ಸುಲಭಕ್ಕೆ ಬಿಡಲ್ಲ ಕಣೋ. ಆದ್ರೆ ಸಮುದ್ರದ ವಿಷಯ ಬಿಡು. ಒಂದೂರಿಗೆ ಹೋಗೋ ದಾರಿನ ಎಂಟು ತಿಂಗಳು ಯಾರಾದ್ರೂ ಕೇಳ್ತಾರೇನೋ ದಡ್ಡ? ಎಲ್ಲ ಎರಡನೇ ವಾರಕ್ಕೇ ಗೊತ್ತಾಗಿತ್ತು ನಂಗೆ."

ಮೊದಲ ಸಲ 'ನೀನು' ಅಂದಿದ್ದಳು. ನನ್ನ ಕೈಯಲ್ಲಿದ್ದ ಹುಳು ಹಾಗೇ ಇತ್ತು.

"ಮತ್ತೆ ಗೌರಿಬಿದನೂರಿನವರಿಗೆ ಉತ್ತರ?"

"ಹೋಗಿ ಬಂದು ಹೇಳ್ತೀನಿ ಅಂದಿದ್ದು, ಹೋಗೋದ್ರೊಳಗೆ ನೀನು ಬಾಯಿ ಬಿಡ್ತೀಯೇನೋ ಅಂತ. ನಿನ್ನೆ ಹಿತ್ತಲಲ್ಲಿ ಎಷ್ಟು ಹೊತ್ತು ನಿಂತಿದ್ದೆ! ಹ್ಯಾಪಿ ಜರ್ನಿ ಅಂತೆ."

ಹಿಂದೆ ಕೆಮ್ಮು ಕೇಳಿಸಿತು. ಚಂದ್ರಿಕೆ ಹಿಡಿದು ಆವಲಪ್ಪನವರು ನಿಂತಿದ್ರು, ಯಾವಾಗಿಂದಲೋ ಏನೋ. ಇಬ್ಬರೂ ತಲೆ ತಗ್ಗಿಸಿ ಹುಳು ಆರಿಸೋಕೆ ಶುರು ಮಾಡಿದ್ವಿ. ಅವರು ಚಂದ್ರಿಕೆಯನ್ನ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಬಾಗಿಲವರೆಗೂ ಹೋಗಿ ತಿರುಗಿದ್ರು.

"ಲೇ ನಂದಿಯವನೇ. ನಿನ್ನ ತೋಟಕ್ಕೆ ಔಷಧಿ ಹೊಡೆದ ದಿನ ಇತ್ತ ಕಡೆ ತಲೆ ಹಾಕಬೇಡ."

"ಇಲ್ಲ ಸಾರ್."

"ನೀನೊಬ್ಬನೇ ಅಲ್ಲ, ಇಬ್ಬರೂ ಬರಬಾರದು. ಅವತ್ತೊಂದು ದಿನ ತೌರುಮನೆ ಅಂತ ಅವಳು ಓಡಿ ಬಂದ್ರೂ ನಾನು ಬಾಗಿಲು ತೆಗೆಯಲ್ಲ."

ಹೇಳಿ ಹೊರಗೆ ಹೋದ್ರು. ಭಾನು ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು, ನಗ್ತಿದ್ದಾಳೋ ಅಳ್ತಿದ್ದಾಳೋ ನನಗೆ ತಿಳೀಲಿಲ್ಲ.